ಗಿರಣಿ ಕಾಕಾ ಮತ್ತು ಜೋಕಾಲಿ ಗುಬ್ಬಿ

ಅವರ ಹುಬ್ಬಿನ ಕೂದಲು ಯಾವ ಬಣ್ಣದ್ದು ಎಂದು ನನಗೆ ಗೊತ್ತಾದದ್ದು ಪರಿಚಯವಾಗಿ ಎಂಟು ತಿಂಗಳಾದ ಮೇಲೆ. ಅಲ್ಲಿಯವರೆಗೆ ಅವು ಬೆಳ್ಳಗೇ ಇದ್ದವು. ಹುಬ್ಬು, ರೆಪ್ಪೆ, ಮೀಸೆ, ಕಿವಿಯ ಮೇಲೆ ಬೆಳೆದಿದ್ದ ನಾಲ್ಕು ಕೂದಲು, ಎಲ್ಲದರ ಮೇಲೂ ಜೋಳದ ಹಿಟ್ಟು ಕೂತಿರುತ್ತಿತ್ತು. ಚಳಿ ಕಡಿಮೆಯಾಗಿ ಊರಿನ ಹೆಂಗಸರು ವರ್ಷದ ಖಾರ ಕುಟ್ಟಿಸಲು ಬರತೊಡಗಿದರೆ ಅದೇ ಹುಬ್ಬು ಕೆಂಪಾಗುತ್ತಿತ್ತು, ಆಗ ಅವರ ಹತ್ತಿರ ನಿಂತವರೆಲ್ಲ ಸೀನುತ್ತಿದ್ದರು. ಹಾಗಾಗಿ ಶಿವರಾತ್ರಿಯ ಬೆಳಿಗ್ಗೆ ಒಬ್ಬ ಕಪ್ಪು ಹುಬ್ಬಿನ ಗಂಡಸು, ತಲೆಗೆ ನೀರು ಹಾಕಿಕೊಂಡು, ಹಣೆತುಂಬ ವಿಭೂತಿ ಹಚ್ಚಿಕೊಂಡು ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಾಗ ನಾನು "ಯಾರು ಬೇಕಾಗಿತ್ತ್ರಿ?" ಎಂದು ಕೇಳಿಬಿಟ್ಟೆ.

"ನಾ ರೀ ಅಕ್ಕೋರ, ಗಿರಣಿಯಂವ," ಎಂದರು. "ಇವತ್ತ ಗಿರಣಿ ಬಂದ್, ನಿಮ್ಮ ಸಾಲಿನೂ ಬಂದ್. ಬರ್ರಿ, ಹಕ್ಕಿ ನೋಡಾಕ ಹೋಗೂಣು."

ಊರಿಗೆ ಊರೇ ಅವರನ್ನು ಗಿರಣಿ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಕೊನೆಯವರೆಗೂ ಅಕ್ಕೋರು ಎಂದೇ ಕರೆದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅದೇ ಹೆಸರು, ವಯಸ್ಸು ಇಪ್ಪತ್ತಾರಿರಲಿ, ಅರವತ್ತಿರಲಿ.

ನನಗೆ ಆಗ ಇಪ್ಪತ್ತಾರೇ. ಕುಂದಗೋಳ ತಾಲೂಕಿನ ಆ ಊರಿನ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದಿದ್ದೆ. ಧಾರವಾಡ ಶಹರದಲ್ಲಿ ಬೆಳೆದವಳು, ಪ್ಯಾಕೆಟ್ಟಿನ ಹಿಟ್ಟಿನಲ್ಲಿ ರೊಟ್ಟಿ ಬಡಿದು ಮುರಿದವಳು. ಮೊದಲ ಸಲ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದಾಗ ಕಾಕಾ ಒಂದು ಕಾಳು ಬಾಯಿಗೆ ಹಾಕಿ ಕಡಿದು ನೋಡಿ, ಡಬ್ಬಿಯನ್ನು ಹಾಗೇ ನನ್ನ ಕೈಗೆ ವಾಪಸು ಕೊಟ್ಟರು. ಜೋಳ ಹಸಿ ಇತ್ತಂತೆ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಮೇಲೆ ಸೂರ್ಯನನ್ನು ತೋರಿಸಿದರು, ಅಂಗೈ ನೆಲದ ಮೇಲೆ ಹರಡಿ ತೋರಿಸಿದರು, ಎರಡು ಬೆರಳು ಎತ್ತಿದರು. ಎರಡು ದಿನ ಬಿಸಿಲಿಗೆ ಹಾಕಿಕೊಂಡು ಬಾ ಎಂದು ನನಗೆ ಚೆನ್ನಾಗಿಯೇ ತಿಳಿಯಿತು. ಪಾಳಿಯಲ್ಲಿ ನಿಂತ ಹೆಂಗಸರಿಗೂ ತಿಳಿದು ಅವರೆಲ್ಲ ನಕ್ಕರು.

ಗಿರಣಿಯಲ್ಲಿ ಮಾತು ನಡೆಯುತ್ತಿದ್ದದ್ದೇ ಹಾಗೆ. ತಗಡಿನ ಮಾಡು, ಕೆಳಗೆ ಹಿಟ್ಟಿನ ಕಲ್ಲು, ಬಾಜು ಖಾರ ಕುಟ್ಟುವ ಯಂತ್ರ, ಎರಡಕ್ಕೂ ಒಂದೇ ಉದ್ದನೆಯ ಬೆಲ್ಟು. ಅದು ತಿರುಗತೊಡಗಿದರೆ ಎದುರಿಗಿದ್ದವರ ಕೂಗೂ ಕೇಳುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಕಾಕಾ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಹೆಬ್ಬೆರಳು ತೋರುಬೆರಳು ಉಜ್ಜಿದರೆ ಹಿಟ್ಟು ಸಣ್ಣಗೋ ದಪ್ಪಗೋ ಎಂಬ ಪ್ರಶ್ನೆ. ಹುಬ್ಬು ಎತ್ತಿದರೆ ಪಾಳಿ ಯಾರದು ಎಂದು. ಎದುರಿನವರ ತುಟಿ ನೋಡಿಯೇ ಅರ್ಧ ಊರಿನ ಸುದ್ದಿ ತಿಳಿದುಕೊಳ್ಳುತ್ತಿದ್ದರು. ಮಾತಿನ ನಡುವೆ ಗಿರಣಿ ನಿಲ್ಲಿಸುವವರಂತೂ ಅಲ್ಲ. ಕಾಳು ಅರ್ಧಕ್ಕೆ ನಿಂತರೆ ಕಲ್ಲು ಹಿಡಿದುಕೊಳ್ಳುತ್ತದೆ ಎಂದು ಶಾಸಕರ ಕಡೆಯವರು ಬಂದಾಗಲೂ ನಿಲ್ಲಿಸಿರಲಿಲ್ಲ.

ನನ್ನ ಸಲುವಾಗಿ ಒಮ್ಮೆ ನಿಲ್ಲಿಸಿದರು. ಅದು ನನ್ನ ಮಾನ ಹೋದ ದಿನ.

ಎಂಟನೆಯ ತರಗತಿಯ ಮಕ್ಕಳನ್ನು ನಾನು ಕಡಲೆ ಹೊಲದ ಕಡೆ ಕರೆದುಕೊಂಡು ಹೋಗಿ, ಕಂಡ ಹಕ್ಕಿಗಳ ಹೆಸರನ್ನೆಲ್ಲ ಬರೆಸಿ, ಶಾಲೆಯ ಗೋಡೆಗೆ ಅಂಟಿಸಿದ್ದೆ. ಹೊಲದ ಮೇಲೆ ತಗ್ಗಾಗಿ ತೇಲುತ್ತಿದ್ದ ಒಂದು ಉದ್ದ ರೆಕ್ಕೆಯ ಹಕ್ಕಿಗೆ 'ಹದ್ದು' ಎಂದು ಹೇಳಿಕೊಟ್ಟಿದ್ದೆ. ಮರುದಿನ ಗಿರಣಿಗೆ ಹೋದರೆ ಕಾಕಾ ನನ್ನನ್ನು ನೋಡಿದವರೇ ಸ್ವಿಚ್ಚು ಇಳಿಸಿದರು. ಬೆಲ್ಟು ಟಪಟಪ ಎಂದು ನಿಂತಿತು. ಎಂಟು ಹತ್ತು ಹೆಂಗಸರು ಏನು ಗಂಡಾಂತರ ಬಂತೋ ಎಂದು ಬಾಯಿ ತೆರೆದು ನಿಂತರು. ಆ ನಿಶ್ಶಬ್ದದಲ್ಲಿ ಕಾಕಾ ಗಿರಣಿಯ ದನಿಯಲ್ಲೇ ಕೂಗಿದರು:

"ಅಕ್ಕೋರ, ನೀವು ಹುಡುಗೋರಿಗೆ ಹೇಳಿದ್ದು ತಪ್ಪೈತಿ! ಅದು ಹದ್ದಲ್ಲ. ಹದ್ದು ಮ್ಯಾಲೆ ಸುತ್ತತೈತಿ. ಇದು ನೆಲಾ ಮೂಸಿಕೋತ ಹೋಗತೈತಿ, ಹೆಣ್ಣಮಕ್ಕಳು ಕಳಕೊಂಡ ಮೂಗಬಟ್ಟು ಹುಡುಕಿದಂಗ. ಚಳಿಗಾಲಕ್ಕ ಬರತೈತಿ, ಬಿಸಲ ಬಿದ್ದ ಮ್ಯಾಲೆ ಇರಂಗಿಲ್ಲ."

ಇಷ್ಟು ಹೇಳಿ ಸ್ವಿಚ್ಚು ಏರಿಸಿದರು. ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ಅದು ಸೆಳೆವ ಎಂಬ ಬೇಟೆಹಕ್ಕಿ, ದೂರದ ಚಳಿದೇಶದಿಂದ ನಮ್ಮ ಎರೆಹೊಲಗಳಿಗೆ ಬರುವಂಥದ್ದು. ಕಾಕಾನಿಗೆ ಅದರ ಹೆಸರು ಗೊತ್ತಿರಲಿಲ್ಲ, ಉಳಿದದ್ದೆಲ್ಲ ಗೊತ್ತಿತ್ತು. ನನಗೆ ಹೆಸರುಗಳು ಗೊತ್ತಿದ್ದವು, ಹಕ್ಕಿ ಗೊತ್ತಿರಲಿಲ್ಲ. ಅವಮಾನದಿಂದ ಮೂರು ದಿನ ಗಿರಣಿಯ ಮುಂದಿನ ದಾರಿ ಬಿಟ್ಟು ಓಡಾಡಿ, ನಾಲ್ಕನೆಯ ದಿನ ಹಿಟ್ಟು ಮುಗಿದದ್ದರಿಂದ ಹೋಗಲೇಬೇಕಾಯಿತು.

ಆಮೇಲೆ ನಮ್ಮ ಮಾತೆಲ್ಲ ಹಕ್ಕಿಯದೇ. ನಾನು ಡಬ್ಬಿ ಇಟ್ಟು ಹುಬ್ಬು ಎತ್ತುತ್ತಿದ್ದೆ. ಅವರು ಹಿಟ್ಟು ಕೆದಕುತ್ತಲೇ ಒಂದು ಕೈಯಲ್ಲಿ ಆ ವಾರ ಕಂಡದ್ದನ್ನು ತೋರಿಸುತ್ತಿದ್ದರು. ಐದು ಬೆರಳು ತಲೆಯ ಮೇಲೆ ಬಿಡಿಸಿದರೆ ಚಂದ್ರಮುಕುಟ. ಬೆರಳನ್ನು ನೀರಿಗೆ ಚುಚ್ಚಿದಂತೆ ಮಾಡಿದರೆ ಹಳ್ಳದ ಮಿಂಚುಳ್ಳಿ. ಎರಡೂ ಅಂಗೈ ಬೀಸಿ ಬೀಸಿ ಕಣ್ಣು ದೊಡ್ಡದು ಮಾಡಿದರೆ ತೆನೆಯ ಮೇಲೆ ಸಾವಿರಗಟ್ಟಲೆ ಬಂದಿಳಿದ ಗುಲಾಬಿ ಕಬ್ಬಕ್ಕಿ. ದಿನಕ್ಕೆರಡು ಸಲ ಗಿರಣಿಯ ನೆಲ ಗುಡಿಸಿದ ನುಚ್ಚನ್ನು ಹಿತ್ತಿಲ ಕಟ್ಟೆಯ ಮೇಲೆ ಚೆಲ್ಲುತ್ತಿದ್ದರು. ಅಲ್ಲಿಗೆ ಬರುವ ಗುಬ್ಬಿಗಳನ್ನೂ ಬೆಳವಗಳನ್ನೂ ಅವರು 'ಗಿರಾಕಿ' ಎನ್ನುತ್ತಿದ್ದರು.

ಎಲ್ಲಕ್ಕಿಂತ ಅವರಿಗೆ ಬೇಕಾದದ್ದು ಒಂದು ಸಣ್ಣ ಮಣ್ಣುಬಣ್ಣದ ಹಕ್ಕಿ. ಪುಸ್ತಕದಲ್ಲಿ ನೆಲಗುಬ್ಬಿ. ಕಾಕಾ ಇಟ್ಟ ಹೆಸರು ಜೋಕಾಲಿ ಗುಬ್ಬಿ. ಚಳಿ ಮುಗಿದು ಬಿಸಿಲು ಬಲಿಯುವ ಮೊದಲು ಅದರ ಗಂಡು ಹೆಣ್ಣಿನ ಮುಂದೆ ಆಟ ತೋರಿಸುತ್ತದೆ. ರೆಕ್ಕೆ ಪಟಪಟಿಸುತ್ತ ಮೇಲೇರುತ್ತದೆ, ರೆಕ್ಕೆ ಮುಚ್ಚಿ ಕಲ್ಲಿನಂತೆ ಬೀಳುತ್ತದೆ, ನೆಲ ಮುಟ್ಟುವ ಮೊದಲು ಮತ್ತೆ ಏರುತ್ತದೆ. ಬೀಳುವಾಗೆಲ್ಲ ತೆಳ್ಳನೆಯ ಉದ್ದನೆಯ ಒಂದು ಸಿಳ್ಳು. ಕಾಕಾ ಇದನ್ನು ಗಿರಣಿಯಲ್ಲಿ ಮಾಡಿ ತೋರಿಸುವಾಗ ಬೆರಳು ನಡುಗಿಸುತ್ತ ಕೈಯನ್ನು ತಲೆಯ ಮೇಲಿನವರೆಗೆ ಒಯ್ದು, ಸರ್ರನೆ ಮೊಣಕಾಲಿಗೆ ಇಳಿಸಿ, ಮತ್ತೆ ಏರಿಸುತ್ತಿದ್ದರು. ಅದನ್ನು ನೋಡಿದ ಹೊಸಬರು ಕಾಕಾನಿಗೆ ಕರೆಂಟು ಹೊಡೆಯಿತೇನೋ ಎಂದು ಹೆದರಿದ್ದೂ ಉಂಟು.

ಆ ಗಂಡುಹಕ್ಕಿಯ ಹೊಟ್ಟೆ ಕಪ್ಪು, ನೆತ್ತಿ ಬೂದಿಬಣ್ಣ. "ವಿಭೂತಿ ಹಚಗೊಂಡೈತ್ರಿ ಅದು, ಅದಕ್ಕ ಶಿವರಾತ್ರಿ ದಿನಾ ಅದರ ದರ್ಶನ ಆಗಬೇಕು," ಎಂದು ಕಾಕಾ ಹೇಳುತ್ತಿದ್ದರು. ವರ್ಷಕ್ಕೊಮ್ಮೆ ಗಿರಣಿಗೆ ಪೂರ್ತಿ ರಜೆ ಸಿಗುವುದು ಆ ದಿನವೇ ಎಂಬುದು ಇನ್ನೊಂದು ಕಾರಣ. ಊರೆಲ್ಲ ಉಪವಾಸವಿರುವಾಗ ಹಿಟ್ಟು ಯಾರಿಗೆ ಬೇಕು?

ಹೀಗೆ ನಾಲ್ಕು ಶಿವರಾತ್ರಿ ನಾನು ಅವರ ಹಿಂದೆ ಹೊಲ ತಿರುಗಿದೆ. ಹೊಲ ಮುಟ್ಟಿದ ಕೂಡಲೇ ಅವರು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ತಡೀರಿ, ಗಿರಣಿ ಕಿವಿಯಿಂದ ಇಳೀಲಿ," ಎನ್ನುತ್ತಿದ್ದರು. ಎರಡು ಮೂರು ನಿಮಿಷ. ಆಮೇಲೆ ಕಣ್ಣು ತೆರೆಯದೆಯೇ ಬೆರಳು ಎತ್ತಿ ಒಂದು ದಿಕ್ಕಿಗೆ ತೋರಿಸುತ್ತಿದ್ದರು. ಅಲ್ಲಿ ಹಕ್ಕಿ ಇರುತ್ತಿತ್ತು. "ಮೊದಲ ಕಿವಿ, ಆಮ್ಯಾಲ ಕಣ್ಣು. ಕಣ್ಣಿಂದ ಹುಡುಕಿದ್ರ ಇಷ್ಟ ದೊಡ್ಡ ಆಕಾಶದಾಗ ಏನ ಸಿಗತೈತ್ರಿ?" ನಾನು ಹಕ್ಕಿ ನೋಡಲು ಕಲಿತದ್ದು ಹೀಗೆ ಕೇಳಿ ಕೇಳಿ.

ಆಮೇಲೆ ನನಗೆ ಕಲಘಟಗಿ ತಾಲೂಕಿನ ತಂಬೂರಿಗೆ ವರ್ಗವಾಯಿತು. ಅಲ್ಲಿ ಕಾಡು ಹತ್ತಿರ, ಹಕ್ಕಿಗಳೂ ಬೇರೆ. ಮೂರು ವರ್ಷ ಕಳೆದು ಮತ್ತೆ ಹಳೆಯ ಶಾಲೆಗೇ ಬಂದೆ. ಬರುವಾಗ ಒಂದು ದುರ್ಬೀನು ಕೊಂಡು ತಂದಿದ್ದೆ, ಕಾಕಾನಿಗೆ ತೋರಿಸಬೇಕೆಂಬ ಆಸೆಗೆ.

ಗಿರಣಿಗೆ ಹೋದ ದಿನವೇ ಏನೋ ಸರಿ ಇಲ್ಲ ಅನಿಸಿತು. ಹುಬ್ಬು ಎತ್ತಿದರೆ ಕಾಕಾ ಕೈ ಅಡ್ಡ ಆಡಿಸಿದರು. ಏನೂ ಇಲ್ಲ ಎಂದು. ಹಿತ್ತಿಲಲ್ಲಿ ನುಚ್ಚು ಚೆಲ್ಲುತ್ತಿದ್ದ ಅವರ ಹೆಂಡತಿ, ನಾನು ಕಾಕು ಎನ್ನುವವರು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಆ ಸಿಳ್ಳಿನ ಹಕ್ಕಿ ಹೋದುವಂತ್ರಿ ಅಕ್ಕೋರ. ಎರಡು ವರ್ಷ ಆತು, ಒಂದೂ ಸಿಳ್ಳ ಹೊಡಿಲಿಲ್ಲಂತ. ತಮ್ಮ ಎಣ್ಣಿ ಹೊಡದು ಹೊಡದು ಕೊಂದಾನಂತ ಮೈದುನನ ಕೂಡ ಜಗಳಾ ತಗದು ಮಾತ ಬಿಟ್ಟಾರ."

ಮನೆತನದ ಹೊಲ ಮಾಡುತ್ತಿದ್ದವರು ಕಾಕಾನ ತಮ್ಮ. ಅವರು ಕಡಲೆಗೆ ಹುಳದ ಔಷಧಿ ಹೊಡೆಯುತ್ತಿದ್ದರು, ಎಲ್ಲರೂ ಹೊಡೆಯುತ್ತಾರೆ. ಅದಕ್ಕೇ ನಮ್ಮ ಕಡೆ ಎಣ್ಣೆ ಎನ್ನುವುದು. ಹೊಲದ ಅಂಚಿನಲ್ಲಿ ಉಳದೆ ಬಿಟ್ಟ ಒಂದು ತುಂಡು ಪಡ ಭೂಮಿಯಿತ್ತು. ಜೋಕಾಲಿ ಗುಬ್ಬಿ ಆಡುತ್ತಿದ್ದದ್ದು, ಗೂಡು ಮಾಡುತ್ತಿದ್ದದ್ದು ಅಲ್ಲೇ. ಒಂದು ವರ್ಷ ಕಾಕಾ ಹೋಗಿ ಕಣ್ಣು ಮುಚ್ಚಿ ನಿಂತರೆ ಸಿಳ್ಳು ಇಲ್ಲ. ಊರಮುಂದಿನ ಕಟ್ಟೆಯಲ್ಲಿ ಹತ್ತು ಜನರ ಎದುರು "ಹಕ್ಕಿ ತಿಂದ ಮನಷ್ಯಾ ನೀ" ಎಂದು ತಮ್ಮನಿಗೆ ಬೈದರಂತೆ. ಗಿರಣಿಯ ದನಿಯಲ್ಲಿ ಬೈದದ್ದು ಓಣಿಗೆಲ್ಲ ಕೇಳಿತ್ತು. ಅಂದಿನಿಂದ ಅಣ್ಣ ತಮ್ಮನ ಹೊಲದಲ್ಲಿ ಕಾಲಿಟ್ಟಿರಲಿಲ್ಲ. ಮರುವರ್ಷ ದಾರಿಯಲ್ಲೇ ನಿಂತು ಕೇಳಿದರಂತೆ, ಆಗಲೂ ಸಿಳ್ಳು ಇಲ್ಲ. ತಮ್ಮನೋ ಜೋಳದ ಚೀಲವನ್ನು ಬೈಕಿಗೆ ಹೇರಿಕೊಂಡು, ಅಣ್ಣನ ಗಿರಣಿಯ ಮುಂದೆಯೇ ದಾಟಿ, ಯರಗುಪ್ಪಿಗೆ ಹೋಗಿ ಬೀಸಿಸಿಕೊಂಡು ಬರುತ್ತಿದ್ದರು. ಆ ಬೈಕು ಹೋಗುವಾಗ ಕಾಕಾ ಬೇಕೆಂದೇ ಕಲ್ಲಿನ ಕಡೆ ಬಗ್ಗಿ ನಿಲ್ಲುವುದನ್ನು ನಾನೇ ನೋಡಿದೆ. ನೋಡಿ ಬೇಸರವಾಯಿತು.

ಶಿವರಾತ್ರಿ ಬಂತು. ಕಾಕಾ ಬರುವುದಿಲ್ಲ ಎಂದರು. ಕಾಕು ಬಿಡಲಿಲ್ಲ. "ನಾನೂ ಬರತೇನಿ ಈ ಸಲ, ನಡೀರಿ," ಎಂದು ಬಾಳೆಹಣ್ಣು, ಖರ್ಜೂರ, ಬೇಯಿಸಿದ ಗೆಣಸು ಕಟ್ಟಿಕೊಂಡು ಹೊರಟೇಬಿಟ್ಟರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವರು ಹಕ್ಕಿ ನೋಡಲು ಬಂದದ್ದು ಅದೇ ಮೊದಲು.

ಬೆಳಗಿನ ಬಿಸಿಲು ಹಿತವಾಗಿತ್ತು. ಜೋಳ ಕೆಲವರದು ಕೊಯ್ಲಾಗಿತ್ತು, ಕೆಲವರದು ನಿಂತಿತ್ತು. ಹಳ್ಳದ ದಂಡೆಯಲ್ಲಿ ಟಿಟ್ಟಿಭ ನಮ್ಮನ್ನು ಕಂಡು ಊರಿಗೇ ಕೇಳುವಂತೆ ಬೈಯಿತು. ಕಾಕಾ ನಕ್ಕರು. ಜಾಲಿಗಿಡದಲ್ಲಿ ಬೆಳವ ಗುಟುಗುಟು ಎಂದಾಗ ತಿರುಗಿ ನೋಡಿದರು. ಪೊದೆಯಲ್ಲಿ ಕೌಜುಗ ಕೂಗಿದಾಗ ಬೆರಳು ಎತ್ತಿದರು. ದುರ್ಬೀನಿನಲ್ಲಿ ನೀಲಕಂಠವನ್ನು ನೋಡಿ, "ಅಬಬಬ, ಇದರ ಮೈ ಬಣ್ಣ ನೋಡು ಬಾ," ಎಂದು ಹೆಂಡತಿಯನ್ನು ಕರೆದರು. ಮೂವರಿಗೂ ಖುಷಿಯೇ ಆಗಿತ್ತು.

ತಂತಿಯ ಮೇಲೆ ಹಸಿರು ಜೇನುಹಿಡುಕಗಳು ಸಾಲಾಗಿ ಕೂತು ಸಣ್ಣಗೆ ಟ್ರೀ ಟ್ರೀ ಎನ್ನುತ್ತಿದ್ದವು. ಕಾಕಾ ಅವುಗಳ ಕೆಳಗೇ ನಡೆದುಹೋದರು, ತಲೆ ಎತ್ತಲಿಲ್ಲ. ಮನಸ್ಸು ಬೇರೆ ಕಡೆ ಇದೆ ಎಂದುಕೊಂಡೆ. ಸ್ವಲ್ಪ ಮುಂದೆ ಹಿಂದಿನಿಂದ ಸೈಕಲ್ಲು ಬಂದು ಗಂಟೆ ಬಾರಿಸಿತು. ಕಾಕಾ ದಾರಿ ಬಿಡಲಿಲ್ಲ. ಕಾಕು ರಟ್ಟೆ ಹಿಡಿದು ಎಳೆದರು. ಆಗಲೂ ನನಗೆ ಹೊಳೆಯಲಿಲ್ಲ.

ತಮ್ಮನ ಹೊಲದ ಬಾಜು ಚಕ್ಕಡಿ ದಾರಿಯಲ್ಲಿ ನಿಂತೆವು. ಕಾಕಾ ಬದುವನ್ನು ದಾಟಲಿಲ್ಲ. ಅಲ್ಲಿಂದಲೇ ಪಡದ ಕಡೆ ಮುಖ ಮಾಡಿ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ, ಹಳೆಯ ರೂಢಿ.

ಕಣ್ಣು ಮುಚ್ಚಿ ಹತ್ತು ಎಣಿಸುವಷ್ಟರಲ್ಲಿ ಸಿಳ್ಳು ಕೇಳಿತು. ತೆಳ್ಳಗೆ, ಉದ್ದಕ್ಕೆ, ಸ್ಪಷ್ಟವಾಗಿ. ಇನ್ನೊಮ್ಮೆ. ಬಲಗಡೆಯಿಂದ ಮತ್ತೊಂದು. ನಾನು ಸಂತೋಷಕ್ಕೆ ಕಣ್ಣು ತೆರೆದು ಕಾಕಾನ ಕಡೆ ತಿರುಗಿದೆ. ಅವರ ಮುಖ ಹಾಗೇ ಇತ್ತು, ಕಾಯುತ್ತಿತ್ತು. ಇನ್ನೊಂದು ಸಿಳ್ಳು ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಅವರ ಬೆರಳು ಮೇಲೇಳಲಿಲ್ಲ. ಕೊನೆಗೆ ಕಣ್ಣು ತೆರೆದು, "ನೋಡ್ರಿ ಅಕ್ಕೋರ, ಎಷ್ಟು ಸುಮ್ಮಗೈತಿ. ಸ್ಮಶಾನ ಆಗೇತಿ," ಎಂದರು.

ಜೇನುಹಿಡುಕ, ಸೈಕಲ್ಲಿನ ಗಂಟೆ, ಎಲ್ಲ ಒಟ್ಟಿಗೇ ತಿಳಿಯಿತು. ಟಿಟ್ಟಿಭದ ಕೂಗು, ಬೆಳವದ ಗುಟುಗುಟು ಅವರಿಗೆ ಕೇಳುತ್ತಿತ್ತು. ಸಣ್ಣ ತೆಳ್ಳನೆಯ ದನಿಗಳು ಹೋಗಿಬಿಟ್ಟಿದ್ದವು. ಮೂವತ್ತೈದು ವರ್ಷ ಬೆಲ್ಟಿನ ಬಾಜು ನಿಂತ ಕಿವಿ. ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಗಿರಣಿಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅವರು ನಮ್ಮೆಲ್ಲರ ತುಟಿ ಓದುತ್ತಿದ್ದರು. ಅದು ಅವರ ಜಾಣತನ ಎಂದು ನಾವು ತಿಳಿದಿದ್ದೆವು.

ಹೇಳುವುದು ಹೇಗೆ? ಹಕ್ಕಿ ಹೋಗಿಲ್ಲ ಎನ್ನಬೇಕಾದರೆ ನಿಮ್ಮ ಕಿವಿ ಹೋಗಿದೆ ಎನ್ನಬೇಕು. ಕಿವಿಯಿಂದಲೇ ಹಕ್ಕಿ ನೋಡುವ ಮನುಷ್ಯನಿಗೆ. ಹೌದ್ರಿ ಕಾಕಾ, ಸುಮ್ಮಗೈತಿ ಎಂದುಬಿಡುವ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಹಾಗೆ ಅಂದರೆ ಆ ತಮ್ಮನ ಬೈಕು ಇನ್ನೆಷ್ಟು ವರ್ಷ ಯರಗುಪ್ಪಿಗೆ ಹೋಗಬೇಕು? ಕೈ ತಾನೇ ಮೇಲೆದ್ದಿತು. ಬೆರಳು ನಡುಗಿಸುತ್ತ ತಲೆಯ ಮೇಲಿನವರೆಗೆ, ಅಲ್ಲಿಂದ ಸರ್ರನೆ ಕೆಳಗೆ, ಮತ್ತೆ ಮೇಲೆ.

ಕಾಕಾ ನನ್ನ ಕೈಯನ್ನೇ ನೋಡಿದರು. "ಎಲ್ಲಿ?" ಎಂದರು.

ತೋರಿಸಿದೆ. ದುರ್ಬೀನು ಕೊಟ್ಟೆ. ಹಕ್ಕಿ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿತು. ಏರಿತು, ಬಿತ್ತು, ಏರಿತು. ಅವರ ತಲೆ ಅದರ ಜೊತೆ ಮೇಲೆ ಕೆಳಗೆ ಆಗುತ್ತಿತ್ತು. ಆಮೇಲೆ ದುರ್ಬೀನು ಇಳಿಸಿ, ನನ್ನ ತುಟಿ ನೋಡುತ್ತ ಕೇಳಿದರು:

"ಸಿಳ್ಳ ಹೊಡಿಯಾಕತ್ತೈತೇನ್ರಿ ಅಕ್ಕೋರ?"

"ಹೌದ್ರಿ."

"ಈಗ?"

"ಈಗೂ ರೀ."

ಹೆಂಡತಿಯ ಕಡೆ ತಿರುಗಿದರು. "ನಿನಗ ಕೇಳಾಕತ್ತೈತೇನ?"

ಕಾಕುಗೆ ಆಗಲೇ ಅರ್ಥವಾಗಿತ್ತು. ತುಟಿ ಅವರಿಗೆ ಕಾಣುವಂತೆ ಹತ್ತಿರ ಬಂದು ನಿಧಾನವಾಗಿ ಹೇಳಿದರು: "ಕೇಳತೈತ್ರಿ. ಅವಾಗಿಂದ ಕೇಳತೈತಿ. ಅದ ನಿಮ್ಮ ಹಕ್ಕಿ ಅಂತ ನನಗೇನ ಗೊತ್ತು?"

ಕಾಕಾ ಬದುವಿನ ಮೇಲೆ ಕೂತುಬಿಟ್ಟರು. ಎರಡೂ ಕೈಯಿಂದ ಕಿವಿ ಮುಚ್ಚಿದರು, ತೆರೆದರು. ಮತ್ತೆ ಮುಚ್ಚಿದರು. ನನಗೆ ಭಯವಾಯಿತು. ಯಾಕಾದರೂ ಕೈ ಎತ್ತಿದೆನೋ ಎಂದು ನನ್ನನ್ನೇ ಬೈದುಕೊಂಡೆ. ಕಾಕು ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು. ಮೇಲೆ ಆ ಎರಡು ಹಕ್ಕಿಗಳು ನಮ್ಮ ಪಂಚಾಯತಿಯ ಪರಿವೆಯೇ ಇಲ್ಲದೆ ಜೋಕಾಲಿ ಆಡುತ್ತಿದ್ದವು.

ಕಾಕಾ ಮುಖ ಎತ್ತಿದಾಗ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದರು.

"ಹಂಗಾರ ಅದಾವು!" ಎಂದರು. "ಹೋಗಿಲ್ಲ! ಕೆಟ್ಟಿದ್ದು ನಂದ ಅಷ್ಟ. ಕೆಟ್ರ ಕೆಡಲಿ ಬಿಡ್ರಿ ಅಕ್ಕೋರ. ಕಿವಿ ನಂದೊಬ್ಬಂದು. ಅವು ಹೋಗಿದ್ರ ಎಲ್ಲಾರ್ದೂ ಹೋಗತಿತ್ತು."

ನಾನು ಅತ್ತೆ. ಅಳಬೇಕಾದವರು ನಗುತ್ತಿದ್ದರು, ನಾನು ಮಾತ್ರ ಮೂಗು ಒರೆಸಿಕೊಳ್ಳುತ್ತ ನಿಂತಿದ್ದೆ.

ಆಮೇಲೆ ಅವರಿಗೆ ಇನ್ನೊಂದು ನೆನಪಾಯಿತು. ನಗು ನಿಂತಿತು. ದಡಬಡಿಸಿ ಎದ್ದು, ಧೋತರ ಕೊಡವಿ, ಎರಡು ವರ್ಷ ದಾಟದ ಬದುವನ್ನು ದಾಟಿ ಕಡಲೆ ಹೊಲದಲ್ಲಿ ನಡೆದೇಬಿಟ್ಟರು. ನಾವಿಬ್ಬರು ಹಿಂದೆ. ಆಚೆ ತುದಿಯಲ್ಲಿ ಕಾಕಾನ ತಮ್ಮ ಒಣಗಿದ ಕಡಲೆ ಗಿಡ ಕಿತ್ತು ಗುಪ್ಪೆ ಹಾಕುತ್ತಿದ್ದರು. ಅಣ್ಣ ಬರುವುದನ್ನು ಕಂಡು ನೆಟ್ಟಗೆ ನಿಂತರು, ಮತ್ತೆ ಜಗಳಕ್ಕೆ ಬಂದಾನೆಂದು ತಿಳಿದಿರಬೇಕು.

ಕಾಕಾ ಹತ್ತು ಹೆಜ್ಜೆ ದೂರದಿಂದಲೇ ಕೂಗಿದರು: "ಲೇ ತಮ್ಮಾ, ಕಿವಿ ನಂದು ಕೆಟ್ಟೈತಿ! ಬೈದಿದ್ದು ನಿನಗ! ತಪ್ಪಾತೋ!"

ಕೈಯಲ್ಲಿದ್ದ ಗಿಡ ಹಾಗೇ ಹಿಡಿದು ತಮ್ಮ ನೋಡಿದರು. ನಡೆದದ್ದನ್ನು ಕಾಕು ಎರಡು ಮಾತಲ್ಲಿ ಹೇಳಿದರು. ಆ ತಮ್ಮ ಪಡದ ಕಡೆ ತೋರಿಸಿ ಹೇಳಿದ್ದು ಇಷ್ಟು: "ಅಣ್ಣಾ, ನೀ ಬೈದ ಮ್ಯಾಲೆ ಆ ಪಡದ ಕಡೆ ಹತ್ತು ಸಾಲಿಗೆ ಒಂದ ಹನಿ ಎಣ್ಣಿ ಹೊಡದಿಲ್ಲ ನಾ. ಹುಳಾ ತಿಂದ್ರ ತಿನ್ನಲಿ ಅಂತ ಬಿಟ್ಟೇನಿ. ಹೇಳೂಣಂದ್ರ ನೀ ಮಾತ ಬಿಟ್ಟೀದಿ."

ಕಾಕಾ ಇದನ್ನು ಅವರ ತುಟಿಯ ಮೇಲಿಂದ ಪೂರ್ತಿ ಓದಿಕೊಂಡರು. ಹೋಗಿ ತಮ್ಮನ ಪಕ್ಕ ಗುಪ್ಪೆಯ ಬಳಿ ಕೂತರು.

ತಮ್ಮನೇ ಒಣಗಿದ ಎಲೆಗೆ ಕಡ್ಡಿ ಗೀರಿ, ಇನ್ನೂ ಹಸಿರಿದ್ದ ಒಂದು ಹಿಡಿ ಕಡಲೆ ಗಿಡ ಸುಟ್ಟು, ಬೂದಿ ಊದಿ, ಅಣ್ಣನ ಅಂಗೈಗೆ ಸುರುವಿದರು. ಸುರುವಿದ ಮೇಲೆ ನಾಲಿಗೆ ಕಚ್ಚಿಕೊಂಡರು: "ಅಯ್ಯ, ಇವತ್ತ ಉಪಾಸಲ್ಲ?"

"ತಿನ್ರಿ," ಎಂದರು ಕಾಕು. "ಎರಡು ವರ್ಷದ ಉಪಾಸ ಮೊದಲ ಬಿಡ್ರಿ. ಶಿವಗ ನಾ ಹೇಳತೇನಿ."

ಕಾಕಾ ತಿಂದರು. ಮೀಸೆಗೆಲ್ಲ ಮಸಿ ಮಾಡಿಕೊಂಡು, ಅಷ್ಟೂ ಕಡಲೆ ತಿಂದರು. ಅಷ್ಟು ಒಳ್ಳೆಯ ದಿನ ನನಗೆ ಆ ಊರಿನಲ್ಲಿ ಇನ್ನೊಂದು ನೆನಪಿಲ್ಲ.

ಮುಂದಿನ ವಾರವೇ ತಮ್ಮ ಅವರನ್ನು ಹುಬ್ಬಳ್ಳಿಗೆ ಕರೆದೊಯ್ದರು. ಗಿರಣಿಯವರಿಗೆ ಸಣ್ಣ ದನಿಗಳೇ ಮೊದಲು ಹೋಗುತ್ತವೆ, ಹೋದದ್ದು ಬರುವುದಿಲ್ಲ ಎಂದರಂತೆ ಡಾಕ್ಟರು. ಒಂದು ಮಶೀನು ಕೊಟ್ಟರು. ಅದನ್ನು ಹಾಕಿಕೊಂಡು ಗಿರಣಿಯಲ್ಲಿ ನಿಂತರೆ ಒಂದು ಗಿರಣಿ ಎರಡಾಗಿ ಕೇಳುತ್ತದೆ ಎಂದು ಕಾಕಾ ಅದನ್ನು ಅಡಿಕೆ ಡಬ್ಬಿಯಲ್ಲಿಟ್ಟರು. ಮನೆಯಲ್ಲಿ ಮಾತ್ರ ಹಾಕಿಕೊಳ್ಳುತ್ತಿದ್ದರು. "ಈಕಿ ಇಷ್ಟ ಸಣ್ಣ ದನಿಯೊಳಗೂ ಬೈತಾಳಂತ ಈಗ ಗೊತ್ತಾತ್ರಿ," ಎಂದು ಕಾಕುವಿನ ಎದುರೇ ನನಗೆ ಹೇಳಿದರು. ಜೋಕಾಲಿ ಗುಬ್ಬಿಯ ಸಿಳ್ಳು ಮಶೀನಿಗೂ ಸಿಗಲಿಲ್ಲ.

ಅದಾದ ಮೇಲೆ ಐದು ಶಿವರಾತ್ರಿ ಹೋದೆವು, ಈಗ ನಾಲ್ಕು ಜನ. ಪಡದ ಅಂಚಿನಲ್ಲಿ ಕಾಕಾ ಹಿಂದಿನಂತೆಯೇ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಆದರೆ ಬಲಗೈ ನನ್ನ ಮುಂದೆ ಚಾಚಿರುತ್ತಿದ್ದರು. ಸಿಳ್ಳು ಕೇಳಿದಾಗೆಲ್ಲ ನಾನು ಅವರ ಅಂಗೈಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯುತ್ತಿದ್ದೆ, ಸಿಳ್ಳು ಇರುವಷ್ಟು ಉದ್ದ. ಉದ್ದನೆಯದು ಬಂದರೆ ಮಣಿಕಟ್ಟಿನವರೆಗೂ ಎಳೆಯುತ್ತಿದ್ದೆ. "ಹಾಂ, ಇದು ಪೈಲವಾನ ಐತಿ," ಎನ್ನುತ್ತಿದ್ದರು. ಆ ಅಂಗೈಯ ಗೀರುಗಳಲ್ಲಿ ಎಷ್ಟು ತೊಳೆದರೂ ಹೋಗದ ಹಿಟ್ಟು ಇರುತ್ತಿತ್ತು.

ಹೋದ ಆಷಾಢದಲ್ಲಿ ಮೂರು ದಿನದ ಜ್ವರದಲ್ಲಿ ಕಾಕಾ ತೀರಿಕೊಂಡರು. ಅವರಿಂದ ನಾನು ಹಕ್ಕಿ ನೋಡಲು ಕಲಿತೆ ಎಂದು ಎಲ್ಲರಿಗೂ ಹೇಳುತ್ತೇನೆ. ಹೇಳದೆ ಉಳಿದದ್ದು ಇನ್ನೊಂದಿದೆ. ಈಗಿನ ಮಕ್ಕಳು ಮೊದಲಿನ ಹಾಗಿಲ್ಲ, ಜನ ಮೊದಲಿನ ಹಾಗಿಲ್ಲ ಎಂದು ಗೊಣಗಲು ಬಾಯಿ ತೆರೆದಾಗೆಲ್ಲ ಬದುವಿನ ಮೇಲೆ ಕೂತು ಕಿವಿ ಮುಚ್ಚಿ ತೆರೆದು ನೋಡಿಕೊಂಡ ಅವರು ಕಣ್ಣಮುಂದೆ ಬರುತ್ತಾರೆ. ನಾನು ಬಾಯಿ ಮುಚ್ಚಿ ಮೊದಲು ನನ್ನ ಕಿವಿ ನೋಡಿಕೊಳ್ಳುತ್ತೇನೆ. ತಪ್ಪು ತನ್ನದೆಂದು ಗೊತ್ತಾದಾಗ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಗಿರಣಿಯನ್ನು ಈಗ ಕಾಕು ನಡೆಸುತ್ತಾರೆ. ಬೆಲ್ಟು, ಕಲ್ಲು ನೋಡಿಕೊಳ್ಳಲು ಮೈದುನ ಬರುತ್ತಾರೆ. ಈ ಸಲದ ಶಿವರಾತ್ರಿಗೆ ಕಾಕು ಹೊಲಕ್ಕೆ ಬರಲು ಒಲ್ಲೆ ಎಂದರು. ನಾನೊಬ್ಬಳೇ ಹೋಗಿ ಪಡದ ಅಂಚಿನಲ್ಲಿ ನಿಂತು ಬಂದೆ.

ಮರುದಿನ ಡಬ್ಬಿ ಹೊತ್ತು ಗಿರಣಿಗೆ ಹೋದೆ. ಬೆಲ್ಟು ತಿರುಗುತ್ತಿತ್ತು, ಪಾಳಿಯಲ್ಲಿ ಹೆಂಗಸರು ತುಂಬಿದ್ದರು. ಕಾಕು ನನ್ನನ್ನು ಕಂಡು ಹಿಟ್ಟು ಕೂತ ಹುಬ್ಬು ಎತ್ತಿದರು. ನಾನು ಡಬ್ಬಿ ಕೆಳಗಿಟ್ಟು ಕೈ ಎತ್ತಿದೆ. ಬೆರಳು ನಡುಗಿಸುತ್ತ ಮೇಲೆ, ಸರ್ರನೆ ಕೆಳಗೆ, ಮತ್ತೆ ಮೇಲೆ. ನಾಲ್ಕು ಸಲ, ನಾಲ್ಕು ಹಕ್ಕಿ. ಅಕ್ಕೋರಿಗೆ ಏನಾಯಿತೆಂದು ಹೆಂಗಸರು ನೋಡುತ್ತಿದ್ದರು. ಕಾಕು ನಾಲ್ಕನೆಯದು ಇಳಿದು ಏರುವವರೆಗೂ ನೋಡಿದರು. ಆಮೇಲೆ ತಮ್ಮ ಕಿವಿ ಮುಟ್ಟಿ ನನ್ನ ಕಡೆ ಬೆರಳು ತೋರಿಸಿದರು, ಕೇಳಿತೇ ಎಂದು. ನಾನು ತಲೆಯಾಡಿಸಿದೆ. ಅವರು ಕೈ ಚಾಚಿದರು. ಡಬ್ಬಿಗೆಂದು ತಿಳಿದು ಡಬ್ಬಿ ಕೊಡಹೋದೆ. ಅಲ್ಲ, ಅವರು ಅಂಗೈ ಮೇಲೆ ಮಾಡಿ ಹಿಡಿದಿದ್ದರು. ನಾನು ಅದರ ಮೇಲೆ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ, ಉದ್ದನೆಯ ಒಂದು ಗೆರೆ ಎಳೆದೆ.